ಮೊದಲು ಹಿಂದಿನ ಸೀಟಿನಲ್ಲಿ ಕುಳಿತು ನೋಡಿ

ಕಳೆದ ಮಾರ್ಚ್‌ನಲ್ಲಿ ನಾವು 2014ರ ಡೀಸೆಲ್ ಎಸ್‌ಯುವಿ, ರೆನೋ ಡಸ್ಟರ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆವು. ಮನೆ ದಾವಣಗೆರೆಯ ವಿದ್ಯಾನಗರದಲ್ಲಿ, ನಾನು ಪಾಠ ಮಾಡುವ ಶಾಲೆ ಭರಮಸಾಗರದ ಹತ್ತಿರ. ದಿನವೂ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಓಡಾಟ. ಮೂರು ತಿಂಗಳಿಗೊಮ್ಮೆ ಅಪ್ಪಾಜಿಯ ಮಂಡಿ ತೋರಿಸಲು ಬೆಂಗಳೂರಿಗೆ ಸುಮಾರು 260 ಕಿ.ಮೀ. ಪ್ರಯಾಣ. ಗಾಡಿ ಮನೆಗೆ ಬರುವ ಮೊದಲೇ ನನ್ನ ಪಟ್ಟಿ ಸಿದ್ಧವಾಗಿತ್ತು: ದೊಡ್ಡ ಟಚ್‌ಸ್ಕ್ರೀನ್, ಚರ್ಮದಂತೆ ಹೊಳೆಯುವ ಸೀಟ್ ಕವರ್, ದಪ್ಪ ಮ್ಯಾಟ್, ಒಳಗೆ ಬಣ್ಣದ ದೀಪ.

ಮೊದಲ ಭಾನುವಾರ ಅಪ್ಪಾಜಿಯನ್ನು ಸೂಳೆಕೆರೆಗೆ ಕರೆದುಕೊಂಡು ಹೋದೆವು. ಬರುವಾಗ ಸಂತೇಬೆನ್ನೂರಿನ ಪುಷ್ಕರಣಿಯ ಬಳಿ ನಿಲ್ಲಿಸಿದೆ. ಅವರು ಇಳಿದು ಬಾಗಿಲು ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತರು. "ಗಾಡಿ ಚೆನ್ನಾಗಿದೆ ಮಗಳೇ. ಆದರೆ ಒಂದೊಂದು ಹಂಪ್ ದಾಟುವಾಗಲೂ ಬೆನ್ನಿಗೆ ಗುದ್ದಿದ ಹಾಗಾಗುತ್ತದೆ" ಎಂದರು. ಅಲ್ಲಿಂದ ಮುಂದೆ ನಮ್ಮ ಯಜಮಾನರು ಓಡಿಸಿದರು, ನಾನು ಅಪ್ಪಾಜಿಯ ಪಕ್ಕ ಕುಳಿತೆ. ಊರು ಮುಟ್ಟುವಷ್ಟರಲ್ಲಿ ನನ್ನ ಪಟ್ಟಿ ತಲೆಕೆಳಗಾಗಿತ್ತು.

ಹಳೆಯ ಎಸ್‌ಯುವಿ ಕೊಂಡವರಿಗೆ ನಾನು ಹೇಳುವುದು ಇಷ್ಟೇ: ಹೊಸದೇನನ್ನಾದರೂ ಜೋಡಿಸುವ ಮೊದಲು, ಕಂಪನಿ ಕೊಟ್ಟಿದ್ದ ಸುಖ ಎಲ್ಲೆಲ್ಲಿ ಸವೆದು ಹೋಗಿದೆ ಎಂದು ಹುಡುಕಿ ಅದನ್ನು ವಾಪಸು ತನ್ನಿ. ಅದಕ್ಕೆ ಒಂದು ಸಂಜೆ ಮೀಸಲಿಡಿ. ಓಡಿಸುವ ಕೆಲಸ ಬೇರೆಯವರಿಗೆ ಕೊಟ್ಟು ನೀವು ಒಂದೊಂದೇ ಸೀಟಿನಲ್ಲಿ ಅರ್ಧ ಗಂಟೆ ಕುಳಿತುಕೊಳ್ಳಿ. ಪಿ.ಬಿ. ರಸ್ತೆಯ ದಟ್ಟಣೆಯಲ್ಲಿ ಎ.ಸಿ. ಹೇಗೆ ನಡೆಯುತ್ತದೆ, ಬಡಾವಣೆಯ ಹಂಪ್‌ಗಳಲ್ಲಿ ಎಲ್ಲಿಂದ ಸದ್ದು ಬರುತ್ತದೆ, ಹೆದ್ದಾರಿಯಲ್ಲಿ 80ರ ವೇಗದಲ್ಲಿ ಯಾವ ಬಾಗಿಲಿನಿಂದ ಗಾಳಿ ಸಿಳ್ಳೆ ಹಾಕುತ್ತದೆ ಎಂಬುದನ್ನೆಲ್ಲ ಬರೆದುಕೊಳ್ಳಿ. ಹಾಡು ಹಾಕಬೇಡಿ. ಎಷ್ಟು ಖರ್ಚು ಮಾಡಬಹುದು ಎಂಬುದಕ್ಕೆ ಆರ್.ಸಿ.ಯನ್ನೂ ನೋಡಿ. ಖಾಸಗಿ ಕಾರಿನ ನೋಂದಣಿ 15 ವರ್ಷದ್ದು. ನಮ್ಮದಕ್ಕೆ 2029ರಲ್ಲಿ ನವೀಕರಣ ಬರುತ್ತದೆ. ಅಷ್ಟು ವರ್ಷ ಇಟ್ಟುಕೊಳ್ಳುವ ಗಾಡಿಗೆ ಮಾಡುವ ಖರ್ಚು ಬೇರೆ, ವರ್ಷದಲ್ಲಿ ಮಾರುವ ಗಾಡಿಗೆ ಬೇರೆ.

ಬೆನ್ನಿಗೆ ಬೀಳುವ ಗುದ್ದಿನ ಮೂಲವನ್ನು ಟೈರಿನಿಂದ ಹುಡುಕಲು ಶುರು ಮಾಡಿ. ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನಲ್ಲಿ ಗಾಳಿಯ ಒತ್ತಡದ ಚೀಟಿ ಅಂಟಿಸಿರುತ್ತಾರೆ. ಕೆಲವು ಗಾಡಿಗಳಲ್ಲಿ ಡೀಸೆಲ್ ಮುಚ್ಚಳದ ಒಳಗೆ ಇರುತ್ತದೆ. ನಮ್ಮ ಟೈರಿನಲ್ಲಿ ಒತ್ತಡ 40 ಪಿ.ಎಸ್.ಐ. ಇತ್ತು, ಚೀಟಿಯಲ್ಲಿದ್ದುದಕ್ಕಿಂತ ಬಹಳ ಹೆಚ್ಚು. ದೊಡ್ಡ ಗಾಡಿ ಎಂದು ಕಂಡರೆ ಕೇಳದೆಯೇ ಹೆಚ್ಚು ತುಂಬುವುದು ಅನೇಕ ಕಡೆ ರೂಢಿ. ಬೆಳಿಗ್ಗೆ ಗಾಡಿ ಓಡುವ ಮೊದಲು, ಟೈರು ತಣ್ಣಗಿರುವಾಗ ಅಳೆದು ಸರಿಮಾಡಿಸಿದೆ. ಅಷ್ಟಕ್ಕೇ ಅರ್ಧ ಗುದ್ದು ಇಳಿಯಿತು, ಒಂದು ರೂಪಾಯಿ ಖರ್ಚಿಲ್ಲದೆ. ಆಮೇಲೆ ಟೈರಿನ ವಯಸ್ಸು ನೋಡಿ. ಪಕ್ಕದಲ್ಲಿ ಡಿ.ಒ.ಟಿ. ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ: 2316 ಎಂದರೆ 2016ರ 23ನೆಯ ವಾರ. ಗೀರು ಸವೆಯದಿದ್ದರೂ ಹಳೆಯ ರಬ್ಬರ್ ಗಟ್ಟಿಯಾಗುತ್ತದೆ. ಸದ್ದೂ ಜಾಸ್ತಿ, ಮಳೆಯಲ್ಲಿ ಹಿಡಿತವೂ ಕಡಿಮೆ. ನಮ್ಮ ಗಾಡಿಯ ಅಳತೆ 215/65 ಆರ್ 16. ನೋಟಕ್ಕಾಗಿ ದೊಡ್ಡ ಅಲಾಯ್ ವೀಲ್ ಹಾಕಿ ಟೈರಿನ ಗೋಡೆಯನ್ನು ತೆಳ್ಳಗೆ ಮಾಡಿಸಬೇಡಿ. ಗುಂಡಿಯ ಪೆಟ್ಟನ್ನು ಮೊದಲು ನುಂಗುವುದು ಆ ಗೋಡೆಯೇ.

ಉಳಿದ ಅರ್ಧ ಗುದ್ದು ಗಾಡಿಯ ಕೆಳಗಿತ್ತು. ಲಿಫ್ಟ್ ಇರುವ ಗ್ಯಾರೇಜಿಗೇ ಹೋಗಿ, ಮೆಕ್ಯಾನಿಕ್ ಜೊತೆ ನೀವೂ ಕೆಳಗೆ ನಿಂತು ನೋಡಿ. ಶಾಕ್ ಅಬ್ಸಾರ್ಬರ್ ಮೇಲೆ ಎಣ್ಣೆ ಜಿನುಗಿದ ಗುರುತಿದೆಯೇ, ಚಕ್ರದ ಬಳಿಯ ಸಣ್ಣ ಸರಳಾದ ಲಿಂಕ್ ರಾಡ್ ಅಲ್ಲಾಡಿಸಿದರೆ ಕಟಕಟ ಎನ್ನುತ್ತದೆಯೇ, ಕೀಲುಗಳಲ್ಲಿ ಕೂರಿಸಿದ ಬುಷ್‌ಗಳ ರಬ್ಬರ್ ಬಿರಿದಿದೆಯೇ ಎಂದು ಕೇಳಿ ತೋರಿಸಿಕೊಳ್ಳಿ. "ಶಾಕ್ ಅಬ್ಸಾರ್ಬರ್ ಇನ್ನೂ ನಡೆಯುತ್ತದೆ ಅಕ್ಕಾ, ಹೋಗಿರುವುದು ಲಿಂಕ್ ರಾಡ್ ಮತ್ತು ಬುಷ್" ಎಂದು ನಮ್ಮ ಮೆಕ್ಯಾನಿಕ್ ಅಣ್ಣ ಪ್ರಾಮಾಣಿಕವಾಗಿ ಹೇಳಿದ್ದರಿಂದ ದೊಡ್ಡ ಖರ್ಚು ಉಳಿಯಿತು. ಶಾಕ್ ಅಬ್ಸಾರ್ಬರ್ ಬದಲಿಸಲೇಬೇಕಾದರೆ ಒಂದು ಕಡೆ ಮಾತ್ರ ಬದಲಿಸಬೇಡಿ. ಮುಂದಿನವೆರಡು ಅಥವಾ ಹಿಂದಿನವೆರಡು ಜೊತೆಯಾಗಿಯೇ ಆಗಬೇಕು. ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ.

ಎ.ಸಿ.ಯ ವಿಷಯಕ್ಕೆ ಬರುತ್ತೇನೆ. ಏಪ್ರಿಲ್ ತಿಂಗಳಲ್ಲಿ ಚಿತ್ರದುರ್ಗದ ಬಂಡೆಗಳ ನಡುವೆ ಮಧ್ಯಾಹ್ನ ಗಾಡಿ ನಿಲ್ಲಿಸಿದವರಿಗೆ ಇದು ಶೋಕಿಯ ಮಾತಲ್ಲ ಎಂದು ಗೊತ್ತು. ನಮ್ಮ ಗಾಡಿಯ ಎ.ಸಿ. ಸದ್ದು ಮಾಡುತ್ತಿತ್ತೇ ಹೊರತು ಗಾಳಿ ಬರುತ್ತಿರಲಿಲ್ಲ. ಹೋದ ಕಡೆಯೆಲ್ಲ ಮೊದಲ ಮಾತು "ಗ್ಯಾಸ್ ತುಂಬಿಸಿ" ಎಂದೇ. ತಕ್ಷಣ ಒಪ್ಪಬೇಡಿ. ಗ್ಯಾಸ್ ಡೀಸೆಲ್‌ನಂತೆ ಉರಿದು ಖಾಲಿಯಾಗುವುದಿಲ್ಲ. ಬಹಳ ಇಳಿದಿದೆ ಎಂದರೆ ಎಲ್ಲೋ ಸೋರುತ್ತಿದೆ, ಸೋರಿಕೆ ಹುಡುಕದೆ ತುಂಬಿಸಿದರೆ ಮುಂದಿನ ಬೇಸಿಗೆಗೆ ಅದೇ ಬಿಲ್ಲು. ಮೊದಲು ಕ್ಯಾಬಿನ್ ಫಿಲ್ಟರ್ ತೆಗೆಸಿ ನೋಡಿ. ನಮ್ಮದನ್ನು ತೆಗೆದಾಗ ಅದರ ಮಡಿಕೆಗಳ ತುಂಬ ಮೆಕ್ಕೆಜೋಳದ ಹೊಟ್ಟು ಮತ್ತು ಧೂಳು ಗಟ್ಟಿಯಾಗಿ ಕೂತಿತ್ತು. ಹಿಂದಿನ ಮಾಲೀಕರ ಒಕ್ಕಲುತನದ ಗುರುತು ಅದು. ಹೊಸ ಫಿಲ್ಟರ್ ಹಾಕಿದ ಕೂಡಲೇ ಹಿಂದಿನ ಸೀಟಿನವರೆಗೂ ತಂಪು ಮುಟ್ಟಿತು. ಮುಂಭಾಗದಲ್ಲಿ ರೇಡಿಯೇಟರ್‌ನ ಎದುರಿಗೆ ಇರುವ, ಎ.ಸಿ.ಯ ಬಿಸಿಯನ್ನು ಹೊರಹಾಕುವ ಕಂಡೆನ್ಸರ್ ಜಾಲರಿಯನ್ನೂ ತೊಳೆಸಿ, ಆದರೆ ಮೆಲ್ಲನೆಯ ನೀರಿನಲ್ಲಿ. ವಾಟರ್ ಸರ್ವಿಸ್‌ನ ಜೋರು ಧಾರೆ ಹತ್ತಿರದಿಂದ ಬಿದ್ದರೆ ಅದರ ತೆಳು ಎಸಳುಗಳು ಮಡಚಿಕೊಳ್ಳುತ್ತವೆ. ಬಿಸಿಲಿನಲ್ಲಿ ನಿಂತ ಗಾಡಿಯನ್ನು ಹತ್ತಿದಾಗ ಕಿಟಕಿಗಳನ್ನು ಇಳಿಸಿ ಒಂದೆರಡು ನಿಮಿಷ ಓಡಿಸಿ ಬಿಸಿಗಾಳಿ ಹೊರಹಾಕಿ, ಆಮೇಲೆ ಏರಿಸಿ ಒಳಗಿನ ಗಾಳಿಯೇ ಸುತ್ತುವ ಗುಂಡಿ ಒತ್ತಿ.

ಕಿಟಕಿಗೆ ಕಪ್ಪು ಫಿಲ್ಮ್ ಹಚ್ಚಿಸುವ ಆಸೆ ಎಲ್ಲರಿಗೂ ಬರುತ್ತದೆ. 2012ರಲ್ಲಿ ಸುಪ್ರೀಂ ಕೋರ್ಟ್ ಅಂಟಿಸುವ ಫಿಲ್ಮ್‌ಗಳನ್ನು ನಿಷೇಧಿಸಿತು. ನಿಯಮದ ಪ್ರಕಾರ ಮುಂದಿನ ಹಿಂದಿನ ಗಾಜು ಶೇ 70ರಷ್ಟು, ಪಕ್ಕದ ಗಾಜು ಶೇ 50ರಷ್ಟು ಬೆಳಕು ಬಿಡಲೇಬೇಕು. ಈ ಮಿತಿಯೊಳಗಿನ ಫಿಲ್ಮ್‌ಗೆ ದಂಡ ಹಾಕುವಂತಿಲ್ಲ ಎಂದು 2024ರಲ್ಲಿ ಕೇರಳ ಹೈಕೋರ್ಟ್ ಹೇಳಿತು. ಆದರೂ ಅಪ್ಪಾಜಿಯನ್ನು ಹಿಂದೆ ಕೂರಿಸಿಕೊಂಡು ರಸ್ತೆ ಬದಿಯಲ್ಲಿ ಆ ವಾದಕ್ಕೆ ನಿಲ್ಲುವ ಮನಸ್ಸು ನನಗಿಲ್ಲ. ನಿಲ್ಲಿಸಿದಾಗ ಮುಂದಿನ ಗಾಜಿಗೆ ಒಂದು ಬೆಳ್ಳಿ ಬಣ್ಣದ ಪರದೆ ಸಾಕು. ಹಳೆಯ ಮಾಲೀಕರು ಹಾಕಿಸಿದ್ದ ಬಂಪರ್ ಮುಂದಿನ ಕಬ್ಬಿಣದ ಕ್ರ್ಯಾಶ್ ಗಾರ್ಡ್ ಇದ್ದರೆ ತೆಗೆಸಿಬಿಡಿ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯವೇ ಅದರ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಬರೆದಿತ್ತು. ಅದು ದಾರಿಹೋಕರ ಪ್ರಾಣಕ್ಕೂ ಅಪಾಯ, ನಮ್ಮ ಏರ್‌ಬ್ಯಾಗ್ ಸರಿಯಾದ ಹೊತ್ತಿಗೆ ತೆರೆದುಕೊಳ್ಳುವುದಕ್ಕೂ ಅಡ್ಡಿ.

ಸೀಟಿಗೆ ಕವರ್ ಹಾಕಿಸುವ ಮೊದಲು ಒಳಗಿನ ಫೋಮ್ ಒತ್ತಿ ನೋಡಿ. ಚಾಲಕನ ಸೀಟಿನಲ್ಲಿ ಬಾಗಿಲ ಕಡೆಯ ಅಂಚು ಕುಸಿದಿರುತ್ತದೆ, ಹತ್ತಿ ಇಳಿಯುವಾಗ ಭಾರ ಬೀಳುವುದು ಅಲ್ಲಿಗೇ. ಕುಸಿದ ಫೋಮಿನ ಮೇಲೆ ಎಂಥ ಕವರ್ ಹಾಕಿದರೂ ಸೊಂಟ ವಾಲುತ್ತದೆ. ಕುಶನ್ ಅಂಗಡಿಯಲ್ಲಿ ಎರಡು ಸೀಟಿಗೆ ಫೋಮ್ ತುಂಬಿಸಿ, ಬಟ್ಟೆಯ ಕವರ್ ಹೊಲಿಸಿದೆ. ನಮ್ಮ ಬಿಸಿಲಿಗೆ ರೆಕ್ಸಿನ್ ಬೇಡ ಎಂಬುದು ನನ್ನ ದೃಢ ಅಭಿಪ್ರಾಯ. ಬೆನ್ನು ಬೆವರಿ ಅಂಟುತ್ತದೆ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಎಂದು ಬರೆದಿದ್ದರೆ ಅದು ಹೊರಬರುವ ಹೊಲಿಗೆಯನ್ನು ಮುಚ್ಚುವ ಕವರ್ ಹಾಕಿಸಲೇಬಾರದು. ಮ್ಯಾಟ್ ಮೇಲೆ ಮ್ಯಾಟ್ ಹಾಸಬೇಡಿ, ಜಾರಿ ಪೆಡಲ್ ಕೆಳಗೆ ಸಿಕ್ಕಿಕೊಳ್ಳುತ್ತದೆ.

ಡಸ್ಟರ್ ನೆಲದಿಂದ 205 ಮಿ.ಮೀ. ಎತ್ತರದಲ್ಲಿದೆ. ಗುಂಡಿಗಳಿಗೆ ಅದು ವರ, ಮಂಡಿ ನೋವಿರುವವರಿಗೆ ಕಷ್ಟ. ಅಪ್ಪಾಜಿಗಾಗಿ ಬಾಗಿಲ ಕೆಳಗೆ ಮೆಟ್ಟಿಲು ಕೂರಿಸಿದೆವು. ಅಂಗಡಿಯವರ ಅಳತೆಯನ್ನು ನಂಬದೆ ಅಪ್ಪಾಜಿಯನ್ನೇ ಕರೆದುಕೊಂಡು ಹೋಗಿ, ಅವರು ಕಾಲಿಟ್ಟು ನೋಡಿದ ಮೇಲೆಯೇ ಬೋಲ್ಟ್ ಬಿಗಿಸಿದೆವು. ಮೆಟ್ಟಿಲಿನ ಮೇಲೆ ಒರಟು ರಬ್ಬರ್ ಇರಲಿ, ಮಳೆಗಾಲದಲ್ಲಿ ನಯವಾದ ಉಕ್ಕು ಜಾರುತ್ತದೆ.

ಗಾಳಿಯ ಸಿಳ್ಳೆಗೆ ಒಂದು ಸುಲಭ ಪರೀಕ್ಷೆ ಇದೆ. ಬಾಗಿಲಿನ ರಬ್ಬರ್ ಬೀಡಿಂಗ್‌ಗೆ ಕಾಗದದ ಪಟ್ಟಿ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಸಲೀಸಾಗಿ ಬಂದ ಕಡೆ ಬೀಡಿಂಗ್ ಬದಲಿಸಿ.

ವಿದ್ಯುತ್ ಸಾಮಾನಿನಲ್ಲಿ ನಾವು ಹಾಕಿಸಿದ್ದು ಹಿಂದಿನ ಕ್ಯಾಮೆರಾ ಮತ್ತು ಅದಕ್ಕೊಂದು ಸಣ್ಣ ಪರದೆ ಮಾತ್ರ. ಏನೇ ಹಾಕಿಸಿದರೂ ಗಾಡಿಯ ಮೂಲ ವೈರ್ ಕತ್ತರಿಸಲು ಬಿಡಬೇಡಿ. ವೈರ್ ಕತ್ತರಿಸದೆ ಸಿಕ್ಕಿಸಬಹುದಾದ, ನಿಮ್ಮ ಮಾದರಿಗೆ ಹೊಂದುವ ಕಪ್ಲರ್ ಕೇಳಿ, ಪ್ರತ್ಯೇಕ ಫ್ಯೂಸ್ ಹಾಕಿಸಿ, ವಿಮಾ ಕಂಪನಿಗೂ ತಿಳಿಸಿ. ಕೊಂಡ 14 ದಿನದೊಳಗೆ ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡುವುದನ್ನೂ ಮರೆಯಬೇಡಿ. ನಮ್ಮ ಮಾದರಿಯಲ್ಲಿ ಪಕ್ಕದ ಕನ್ನಡಿ ತಿರುಗಿಸುವ ಗುಂಡಿ ಹ್ಯಾಂಡ್‌ಬ್ರೇಕ್‌ನ ಕೆಳಗಿದೆ. ಅದೇ ಗಾಡಿ ಕೊಂಡವರು ಹ್ಯಾಂಡ್‌ಬ್ರೇಕ್ ಇಳಿಸುವ ಮೊದಲೇ ಕನ್ನಡಿ ಹೊಂದಿಸಿಕೊಳ್ಳಿ.

ಕಳೆದ ಬಾರಿ ಬೆಂಗಳೂರಿಗೆ ಹೋಗುವಾಗ ಅಪ್ಪಾಜಿ ಹಿರಿಯೂರು ದಾಟುವವರೆಗೂ ನಿದ್ದೆ ಮಾಡಿದರು. ಟಚ್‌ಸ್ಕ್ರೀನ್‌ಗೆಂದು ತೆಗೆದಿಟ್ಟ ಹಣ ಇನ್ನೂ ಇದೆ. ಎಡಗಡೆಯ ಚಕ್ರವನ್ನು ಹಿಡಿದಿರುವ ಲೋವರ್ ಆರ್ಮ್‌ನ ಬುಷ್ ಮೆಲ್ಲಗೆ ಸದ್ದು ಶುರುಮಾಡಿದೆ, ದೀಪಾವಳಿ ರಜೆಯಲ್ಲಿ ಆ ಹಣದಿಂದ ಅದನ್ನು ಬದಲಿಸಬೇಕು.