ಇಪ್ಪತ್ತು ನಿಮಿಷದ ಕಾಡನ್ನು ಮೂರು ಗಂಟೆ ನೋಡುವುದು ಹೇಗೆ?

ಮಗನೋ ಮಗಳೋ ಇಂಗ್ಲೆಂಡಿನಲ್ಲಿರುತ್ತಾರೆ. ‘ಏಪ್ರಿಲ್‌ನಲ್ಲಿ ಬನ್ನಿ, ಎರಡು ಮೂರು ತಿಂಗಳು ಇದ್ದು ಹೋಗಿ’ ಎನ್ನುತ್ತಾರೆ. ಹೋಗುತ್ತೇವೆ. ಲಂಡನ್, ಟವರ್ ಬ್ರಿಜ್, ಮ್ಯೂಸಿಯಂ ಎಲ್ಲ ಎರಡು ವಾರದಲ್ಲಿ ಮುಗಿಯುತ್ತದೆ. ಆಮೇಲೆ ಅವರು ಆಫೀಸಿಗೆ, ನಾವು ಕಿಟಕಿ ಪಕ್ಕಕ್ಕೆ. ಹಾಗೆ ಕೂತವರಿಗಾಗಿ ಈ ಬರಹ.

ಮೊದಲ ಸಲ ಮಗಳು ಕೇಂಬ್ರಿಜ್ ಹತ್ತಿರದ ಒಂದು ಕಾಡಿಗೆ ಕರೆದುಕೊಂಡು ಹೋದಳು. ನಾನು ಮಲೆನಾಡಿನವನು, ಕಾಡು ಹೊಸದಲ್ಲ. ಈ ಕಡೆ ಹೊಕ್ಕೆ, ಇಪ್ಪತ್ತು ನಿಮಿಷಕ್ಕೆ ಆ ಕಡೆ ಬಂದುಬಿಟ್ಟೆ. “ಇದೇನೇ ಇದು, ನಮ್ಮ ಸೊಪ್ಪಿನ ಬೆಟ್ಟಕ್ಕಿಂತ ಚಿಕ್ಕದಿದೆಯಲ್ಲ?” ಎಂದೆ. (ಸೊಪ್ಪಿನ ಬೆಟ್ಟ ಎಂದರೆ ತೋಟಕ್ಕೆ ಸೊಪ್ಪು ತರುವ ಕಾಡು.) “ಅಪ್ಪಾ, ನೀನು ಬಸ್ಸು ತಪ್ಪುತ್ತದೆ ಅನ್ನೋರ ಹಾಗೆ ನಡೆದೆ” ಎಂದಳು. ಅವಳು ಹೇಳಿದ್ದು ಸರಿ. ಅಲ್ಲಿನ ಪುಟ್ಟ ಕಾಡು ಕತ್ತೆತ್ತಿ ನೋಡುವಂಥದ್ದಲ್ಲ, ನೆಲ ನೋಡುವಂಥದ್ದು. ಅದು ಗೊತ್ತಾಗಲು ನನಗೆ ಎರಡು ವಸಂತ ಬೇಕಾಯಿತು.

ಮೊದಲು ನಕ್ಷೆ

ಆರ್ಡ್‌ನೆನ್ಸ್ ಸರ್ವೆ ಎಂಬ ಅಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆಯವರ ‘ಎಕ್ಸ್‌ಪ್ಲೋರರ್’ ನಕ್ಷೆ ತೆಗೆದುಕೊಳ್ಳಿ. ಕಿತ್ತಳೆ ಬಣ್ಣದ ರಟ್ಟಿನದು. ಅಳತೆ 1:25,000, ಅಂದರೆ ನೆಲದ ಒಂದು ಕಿಲೋಮೀಟರ್ ಕಾಗದದಲ್ಲಿ ನಾಲ್ಕು ಸೆಂಟಿಮೀಟರ್. ಫೋನಿನಲ್ಲೂ ಸಿಗುತ್ತದೆ. ಆದರೆ ಹಳ್ಳಿ ಕಡೆ ಸಿಗ್ನಲ್ ಕೈಕೊಡುತ್ತದೆ, ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಮನೆಯ ಸುತ್ತಮುತ್ತ ಹಸಿರು ತೇಪೆಗಳನ್ನು ಹುಡುಕಿ. ಪಕ್ಕದಲ್ಲಿ ಹೆಸರಿರುತ್ತದೆ. ‘ವುಡ್’ ಎಂದರೆ ಕಾಡು. ‘ಕಾಪ್ಸ್’ ಎಂದರೆ ಕಡಿದು ಚಿಗುರಿಸುತ್ತಿದ್ದ ಕಾಡು. ‘ಹ್ಯಾಂಗರ್’ ಎಂದರೆ ಇಳಿಜಾರಿಗೆ ಅಂಟಿಕೊಂಡ ಕಾಡು. ಅಂಚು ಅಂಕುಡೊಂಕಾಗಿದ್ದರೆ ಹಳೆಯದಿರಬಹುದು. ಗೆರೆ ಎಳೆದಂತೆ ನೇರವಿದ್ದರೆ ಈಚೆಗೆ ನೆಟ್ಟದ್ದಿರಬಹುದು. 1600ಕ್ಕೂ ಮೊದಲಿಂದ ಕಾಡಾಗಿಯೇ ಉಳಿದದ್ದನ್ನು ಇಂಗ್ಲೆಂಡಿನಲ್ಲಿ ‘ಏನ್ಷಿಯಂಟ್ ವುಡ್‌ಲ್ಯಾಂಡ್’ ಎಂದು ಲೆಕ್ಕ ಹಿಡಿಯುತ್ತಾರೆ. ಹುಡುಕಬೇಕಾದ್ದು ಅದನ್ನೇ.

ಈಗ ಮುಖ್ಯವಾದ ಮಾತು. ನಕ್ಷೆಯಲ್ಲಿ ಹಸಿರು ತುಂಡುಗೆರೆ ಇದ್ದರೆ ಅದು ಸಾರ್ವಜನಿಕರ ಹಕ್ಕಿನ ದಾರಿ. ಅದು ಯಾರ ಹೊಲದ ನಡುವೆ ಹೋದರೂ ನೀವು ನಡೆಯಬಹುದು. ಕಪ್ಪು ತುಂಡುಗೆರೆ ಇದ್ದರೆ ಅಲ್ಲೊಂದು ದಾರಿ ಇದೆ ಎಂದಷ್ಟೇ ಅರ್ಥ, ನಡೆಯುವ ಹಕ್ಕಿದೆ ಎಂದಲ್ಲ. ನಾನು ಕಪ್ಪು ಗೆರೆ ನಂಬಿ ಒಬ್ಬರ ಜಮೀನಿನ ನಡುಮಧ್ಯೆ ಹೋಗಿ ನಿಂತಿದ್ದೆ. ಮಾಲೀಕರು ಬಂದರು, ಹವಾಮಾನದ ಬಗ್ಗೆ ಎರಡು ಮಾತಾಡಿದರು, ಆಮೇಲೆ ಬಹಳ ನಯವಾಗಿ ಬಂದ ದಾರಿ ತೋರಿಸಿದರು. ಬೈದಿದ್ದರೇ ವಾಸಿಯಿತ್ತು.

ಇದೆಲ್ಲ ತಲೆಬಿಸಿ ಎನಿಸಿದರೆ ವುಡ್‌ಲ್ಯಾಂಡ್ ಟ್ರಸ್ಟ್‌ನ ಕಾಡುಗಳಿಗೆ ಹೋಗಿ. 1972ರಲ್ಲಿ ಶುರುವಾದ ಸಂಸ್ಥೆ, ಸಾವಿರಕ್ಕೂ ಹೆಚ್ಚು ಕಾಡು ನೋಡಿಕೊಳ್ಳುತ್ತದೆ. ಒಳಗೆ ಹೋಗಲು ಕಾಸಿಲ್ಲ.

ಯಾವಾಗ ಹೋಗಬೇಕು?

ಮರ ಎಲೆ ಬಿಡುವ ಮುಂಚೆ ನೆಲದ ಹೂಗಳು ತಮ್ಮ ಕೆಲಸ ಮುಗಿಸಿಕೊಳ್ಳುತ್ತವೆ. ಮೇಲೆ ಚಪ್ಪರ ಮುಚ್ಚಿದರೆ ಬಿಸಿಲಿಲ್ಲ, ಅದಕ್ಕೇ ಈ ಆತುರ. ಮಾರ್ಚ್ ಕೊನೆಗೆ ಬಿಳಿ ಅನೆಮನಿ, ಏಪ್ರಿಲ್‌ನಲ್ಲಿ ಪ್ರಿಮ್‌ರೋಸ್. ಏಪ್ರಿಲ್ ಕೊನೆಯ ವಾರದಿಂದ ಮೇ ಮೊದಲ ಹತ್ತು ದಿನ ಬ್ಲೂಬೆಲ್. ವರ್ಷಕ್ಕಿಷ್ಟು ಹಿಂದೆ ಮುಂದೆ ಆಗುತ್ತದೆ. ಮೇ ಮೊದಲ ಸೋಮವಾರ ಅಲ್ಲಿ ಸರ್ಕಾರಿ ರಜೆ. ಅವತ್ತು ಬೇಡ, ಜಾತ್ರೆ. ವಾರದ ನಡುವೆ ಬೆಳಿಗ್ಗೆ ಹೋಗಿ. ಮೇ ತಿಂಗಳಲ್ಲಿ ಸಂಜೆ ಎಂಟು ದಾಟಿದರೂ ಬೆಳಕಿರುತ್ತದೆ, ಹಾಗಾಗಿ ಊಟ ಮುಗಿಸಿ ಹೊರಟರೂ ನಡೆಯುತ್ತದೆ.

ಏನು ಹಾಕಿಕೊಳ್ಳಬೇಕು?

ಉಂಬಳ, ಅಂದರೆ ಕಾಡಿನ ಜಿಗಣೆ, ಇಲ್ಲ, ಅದೊಂದು ನೆಮ್ಮದಿ. ಆದರೆ ಮೈಗೆ ಕಚ್ಚಿ ರಕ್ತ ಹೀರುವ ಪುಟ್ಟ ಹುಳ, ಉಣುಗು ಇದೆ. ಉಣುಗು ಎಂದರೆ ಏನು ಎಂದು ಮಲೆನಾಡಿನವರಿಗೆ ಹೇಳಬೇಕಿಲ್ಲ. ಸೊರಬದ ಕ್ಯಾಸನೂರಿನಲ್ಲಿ 1957ರಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ಹರಡುವುದು ಇದರಿಂದಲೇ. ಇಂಗ್ಲೆಂಡಿನ ಉಣುಗು ಹರಡುವುದು ಲೈಮ್ ಕಾಯಿಲೆಯನ್ನು. ಪ್ಯಾಂಟಿನ ತುದಿ ಕಾಲುಚೀಲದೊಳಗೆ ಸೇರಿಸಿ. ನೋಡುವವರು ನಗಲಿ. ನನ್ನ ಹೆಂಡತಿ ಮೊದಲ ದಿನ ಸೀರೆಯಲ್ಲೇ ಬಂದಳು, ಸೆರಗಿಗಿಂತ ಜಾಸ್ತಿ ನೆರಿಗೆಗೆ ಕೆಸರು. ಮರುದಿನ ಮಗಳ ಪ್ಯಾಂಟು ಹಾಕಿಕೊಂಡಳು.

ಮಳೆ ಬಂದು ಮೂರು ದಿನವಾಗಿದ್ದರೂ ಜೇಡಿ ನೆಲ ಒಣಗಿರುವುದಿಲ್ಲ. ಮೊಣಕಾಲು ಮಟ್ಟದ ರಬ್ಬರ್ ಬೂಟು, ‘ವೆಲ್ಲಿ’ ಎನ್ನುತ್ತಾರೆ, ಇದ್ದರೆ ಒಳ್ಳೆಯದು. ತುರಿಕೆ ಗಿಡ ದಾರಿಯುದ್ದಕ್ಕೂ ಇರುತ್ತದೆ. ಮುಟ್ಟಿದರೆ ಡಾಕ್ ಎಂಬ ಅಗಲ ಎಲೆ ಉಜ್ಜಿ ಎನ್ನುತ್ತಾರೆ. ನನಗಂತೂ ಅದರಿಂದ ಏನೂ ಆಗಲಿಲ್ಲ.

ಇನ್ನೊಂದು, ಯಾರೂ ಹೇಳುವುದಿಲ್ಲ: ಸಣ್ಣ ಕಾಡಿನಲ್ಲಿ ಶೌಚಾಲಯ ಇರುವುದಿಲ್ಲ. ನಮ್ಮ ವಯಸ್ಸಿನವರು ಮನೆಯಲ್ಲೇ ಮುಗಿಸಿಕೊಂಡು ಹೊರಡಿ. ಹಳ್ಳಿಯ ಪಬ್‌ನಲ್ಲಿ ಒಂದು ಕಾಫಿ ಕೊಂಡರೆ ಸಾಮಾನ್ಯವಾಗಿ ಬೇಡ ಎನ್ನುವುದಿಲ್ಲ. ಡಬ್ಬಿಯಲ್ಲಿ ಚಿತ್ರಾನ್ನ ಇರಲಿ.

ತಡಮೆ ದಾಟುವುದು

ಕಾಡಿಗೆ ಮುಂಚೆ ಹೊಲ ಸಿಗುತ್ತದೆ. ಕಂಬದ ಮೇಲೆ ಹಳದಿ ಬಾಣವಿದ್ದರೆ ಕಾಲುದಾರಿ, ನೀಲಿ ಬಾಣವಿದ್ದರೆ ಕುದುರೆಗೂ ದಾರಿ. ಬೇಲಿ ಬಂದಲ್ಲಿ ‘ಸ್ಟೈಲ್’ ಇರುತ್ತದೆ. ನಮ್ಮ ತಡಮೆಯೇ, ದನ ದಾಟಬಾರದು, ಮನುಷ್ಯ ದಾಟಬೇಕು. ಗೇಟು ಮುಚ್ಚಿದ್ದರೆ ದಾಟಿ ಮುಚ್ಚಿ, ತೆರೆದಿದ್ದರೆ ತೆರೆದೇ ಬಿಡಿ. ಕರು ಜೊತೆಗಿರುವ ಹಸುಗಳಿಂದ ದೂರ ನಡೆಯಿರಿ. ಎದುರು ಬಂದವರಿಗೆ ‘ಮಾರ್ನಿಂಗ್’ ಎಂದರೆ ಸಾಕು. ಊರು, ಮನೆ, ಮಕ್ಕಳೆಷ್ಟು ಎಂದು ಕೇಳಲು ಹೋಗಬೇಡಿ.

ಒಳಗೆ ಹೋದ ಮೇಲೆ

ನಾವು ಮತ್ತೆ ಮತ್ತೆ ಹೋದದ್ದು ಹೇಲಿ ವುಡ್‌ಗೆ. ಕೇಂಬ್ರಿಜ್‌ನ ಪಶ್ಚಿಮಕ್ಕೆ, ಲಾಂಗ್‌ಸ್ಟೋ ಹಳ್ಳಿಯ ಹತ್ತಿರ. ರಸ್ತೆ ಬದಿ ದೊಡ್ಡ ನೀರಿನ ಟ್ಯಾಂಕ್ ಕಾಣುತ್ತದೆ, ಅದರ ಎದುರಿನ ಬೇಲಿ ಸಾಲಿನ ದಾರಿಯಲ್ಲಿ ಏರಿದರೆ ಕಾಡು. 1251ರಲ್ಲಿ ಆ ಸೀಮೆಯ ಈಲಿ ಎಂಬ ಊರಿನ ಬಿಷಪ್ ಮಾಡಿಸಿದ ಜಮೀನು ಲೆಕ್ಕದಲ್ಲಿ ಈ ಕಾಡಿನ ಹೆಸರಿದೆ, 80 ಎಕರೆ ಎಂದು ಬರೆದಿದೆ. ಹೊಯ್ಸಳರ ಕಾಲದ ಪಹಣಿ ಅಂದುಕೊಳ್ಳಿ. 1962ರಿಂದ ಇದು ಅಲ್ಲಿನ ಪ್ರಕೃತಿ ಸಂರಕ್ಷಣೆ ಟ್ರಸ್ಟಿನ ಕೈಯಲ್ಲಿದೆ.

ಹೊಕ್ಕ ತಕ್ಷಣ ನಡೆಯಬೇಡಿ. ಅಂಚಿನಲ್ಲೇ ನಿಂತು ನೆಲ ನೋಡಿ. ಹಳೆಯ ಕಾಡುಗಳ ಸುತ್ತ ಒಂದು ಮಣ್ಣಿನ ದಿಣ್ಣೆ, ಅದರ ಹೊರಗೆ ಕಾಲುವೆ ಕಾಣುತ್ತದೆ. ನಾನು ಮೊದಲ ಸಲ ಅದನ್ನು ಚರಂಡಿ ಎಂದುಕೊಂಡೆ. ಅದು ಅಗಳು! ತೋಟಕ್ಕೆ ದನ ನುಗ್ಗದಿರಲಿ ಎಂದು ನಾವು ತೋಡುತ್ತೇವಲ್ಲ, ಅದೇ. ಎಳೆ ಚಿಗುರಿಗೆ ದನ ಬಾಯಿ ಹಾಕದಿರಲಿ ಎಂದು ನೂರಾರು ವರ್ಷದ ಹಿಂದೆ ಯಾರೋ ತೋಡಿದ್ದು. ಈಗ ಮಣ್ಣು ಜರಿದು ಆಳ ಕಮ್ಮಿಯಾಗಿದೆ.

ಆಮೇಲೆ ಮರದ ಬುಡ ನೋಡಿ. ಒಂದೇ ಬುಡದಿಂದ ಎಂಟು ಹತ್ತು ಕಾಂಡ ಎದ್ದಿದ್ದರೆ ಅದನ್ನು ಹಿಂದೆ ಬುಡಮಟ್ಟ ಕಡಿದಿದ್ದಾರೆ ಎಂದರ್ಥ. ಹೇಜಲ್ ಗಿಡವನ್ನು ಏಳರಿಂದ ಹತ್ತು ವರ್ಷಕ್ಕೊಮ್ಮೆ ಕಡಿಯುತ್ತಿದ್ದರು. ಅದರ ಕೋಲಿನಲ್ಲಿ ಕುರಿ ತಡೆಯುವ ತಟ್ಟಿ, ಗೋಡೆಯ ಹಂದರ, ಹುಲ್ಲು ಮಾಡಿಗೆ ಚುಚ್ಚುವ ಕಡ್ಡಿ ಆಗುತ್ತಿತ್ತು. ನಡುನಡುವೆ ಓಕ್ ಮರಗಳನ್ನು ಮಾತ್ರ ತೊಲೆಗೆಂದು ಎತ್ತರ ಬಿಡುತ್ತಿದ್ದರು. ಕಡಿದರೆ ಕಾಡು ಹಾಳು ಎಂದು ನಾವು ಅಂದುಕೊಳ್ಳುತ್ತೇವೆ. ಸೊಪ್ಪಿನ ಬೆಟ್ಟದಲ್ಲಿ ಕೊಂಬೆ ಸವರಿದವರಿಗೆ ಗೊತ್ತು, ಲೆಕ್ಕ ಹಿಡಿದು ಕಡಿದರೆ ಮರ ಸಾಯುವುದಿಲ್ಲ. ಇಲ್ಲಿ ಕಡಿದ ಜಾಗಕ್ಕೆ ಬಿಸಿಲು ಬಿದ್ದು ಮುಂದಿನ ಒಂದೆರಡು ವಸಂತದಲ್ಲಿ ಹೂ ಕಿಕ್ಕಿರಿಯುತ್ತದೆ. ಹಾಗಾಗಿ ಈಚೆಗೆ ಕಡಿದ ತುಂಡು ಎಲ್ಲಿದೆ ಎಂದು ಹುಡುಕಿ ಅಲ್ಲಿಗೇ ಮೊದಲು ಹೋಗಿ. ಜಿಂಕೆ ಬರದಂತೆ ಬೇಲಿ ಹಾಕಿರುತ್ತಾರೆ, ಅದೇ ಗುರುತು.

ಈಗ ಕೂತುಕೊಳ್ಳಿ. ನಿಜವಾಗಿ, ದಾರಿ ಬದಿಯಲ್ಲೇ ಕೂತುಕೊಳ್ಳಿ. ಬ್ಲೂಬೆಲ್ ನಿಂತು ನೋಡಿದರೆ ಬರೀ ನೀಲಿ ಹೊಗೆ. ಕೂತು ನೋಡಿದರೆ ದಂಟು ಒಂದು ಪಕ್ಕಕ್ಕೆ ಬಾಗಿರುತ್ತದೆ, ಹೂವೆಲ್ಲ ಆ ಪಕ್ಕಕ್ಕೇ ಜೋತುಬಿದ್ದಿರುತ್ತವೆ. ಒಳಗಿನ ಪರಾಗ ಕೆನೆ ಬಣ್ಣ. ದಂಟು ನೆಟ್ಟಗಿದ್ದು ಸುತ್ತಲೂ ಹೂವಿದ್ದರೆ, ಪರಾಗ ನೀಲಿ ಇದ್ದರೆ, ಅದು ತೋಟಗಳಿಂದ ತಪ್ಪಿಸಿಕೊಂಡು ಬಂದ ಸ್ಪೇನಿನ ಜಾತಿ. ಫೋಟೋಗೆಂದು ಹೂವಿನ ನಡುವೆ ಇಳಿಯಬೇಡಿ. ಎಲೆ ತುಳಿದರೆ ಗಡ್ಡೆಗೆ ಆಹಾರ ಸಿಗದು, ಗಿಡ ಸುಧಾರಿಸಲು ವರ್ಷಗಳೇ ಬೇಕು. ಗಡ್ಡೆ ಕೀಳುವುದಂತೂ 1981ರ ಕಾನೂನಿನ ಪ್ರಕಾರ ಅಪರಾಧ.

ಹೇಲಿ ವುಡ್‌ನ ಒಡವೆ ಬ್ಲೂಬೆಲ್ ಅಲ್ಲ, ಆಕ್ಸ್‌ಲಿಪ್. ತಿಳಿ ಹಳದಿ ಹೂ, ಒಂದೇ ದಂಟಿನ ತುದಿಯಲ್ಲಿ ಗೊಂಚಲಾಗಿ ಒಂದು ಪಕ್ಕಕ್ಕೆ ತಲೆ ತಗ್ಗಿಸಿರುತ್ತದೆ. ಇಂಗ್ಲೆಂಡಿನಲ್ಲಿ ಇದು ಇರುವುದು ಪೂರ್ವದ ಕೆಲವು ಕಾಡುಗಳಲ್ಲಿ ಮಾತ್ರ. ಹೆಚ್ಚು ನೀರು ನಿಲ್ಲುವ ಕಡೆ ಆಕ್ಸ್‌ಲಿಪ್, ಸ್ವಲ್ಪ ಬಸಿಯುವ ಕಡೆ ಬ್ಲೂಬೆಲ್. ಬೂಟು ಎಲ್ಲಿ ಹೂತುಕೊಳ್ಳುತ್ತದೆ ಎಂಬುದರ ಮೇಲೇ ಹೂವಿನ ಬಣ್ಣ ಹೇಳಬಹುದು.

ಕೂತಿದ್ದಾಗ ನಾಯಿ ಬೊಗಳಿದಂತೆ ಕೇಳಿದರೆ, ನಾಯಿ ಕಾಣದಿದ್ದರೆ, ಅದು ಮಂಟ್‌ಜ್ಯಾಕ್. ನಮ್ಮ ಕಾಡುಕುರಿಯ ನೆಂಟ. ಚೀನಾ ಮೂಲದ ಈ ಜಿಂಕೆಯನ್ನು ವೋಬರ್ನ್‌ನ ಜಮೀನ್ದಾರರ ಉದ್ಯಾನಕ್ಕೆ ತಂದಿದ್ದರು, ಅಲ್ಲಿಂದ ಹೊರಬಿದ್ದು ಈಗ ಆ ಸೀಮೆಯಲ್ಲೆಲ್ಲ ಇದೆ. ಅದರ ಕೂಗು ಕೇಳಿ ನನ್ನ ಹೆಂಡತಿ “ಅಯ್ಯೋ, ಇದು ನಮ್ಮನೆ ಹಿತ್ತಲ ಸದ್ದಲ್ವಾ?” ಎಂದಳು.

ವಾಪಸ್ ಬಂದ ಮೇಲೆ

ಆಶ್ ಮರಗಳಿಗೆ ಅಲ್ಲೊಂದು ಬೂಷ್ಟಿನ ರೋಗ ಬಂದಿದೆ, 2012ರಲ್ಲಿ ಬ್ರಿಟನ್ನಿನಲ್ಲಿ ಪತ್ತೆಯಾದದ್ದು. ಒಂದು ಕಾಡಿನ ಕೆಸರು, ಎಲೆ ಇನ್ನೊಂದು ಕಾಡಿಗೆ ಹೋಗದಿರಲಿ ಎಂದು ಬೂಟನ್ನು ಅಲ್ಲೇ ಉಜ್ಜಿ, ಮನೆಗೆ ಬಂದು ತೊಳೆಯಿರಿ. ಮೊಣಕಾಲಿನ ಹಿಂದೆ, ಕಂಕುಳು, ಸೊಂಟದ ಪಟ್ಟಿ ಇದ್ದ ಜಾಗ ನೋಡಿಕೊಳ್ಳಿ. ಉಣುಗು ಕಚ್ಚಿದ್ದರೆ ಸಣ್ಣ ಚಿಮಟದಲ್ಲಿ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನಿಧಾನವಾಗಿ ನೇರ ಎಳೆಯಿರಿ. ಎಣ್ಣೆ, ಸುಣ್ಣ, ಬೆಂಕಿಕಡ್ಡಿ ಯಾವುದೂ ಬೇಡ. ಕೆಲವು ವಾರದೊಳಗೆ ಕಚ್ಚಿದ ಜಾಗದ ಸುತ್ತ ಕೆಂಪು ಬಳೆಯಂತೆ ಹರಡಿದರೆ ಅದು ಲೈಮ್ ಕಾಯಿಲೆಯಿರಬಹುದು, ಡಾಕ್ಟರಿಗೆ ತೋರಿಸಿ. ಅಷ್ಟರಲ್ಲಿ ಊರಿಗೆ ವಾಪಸಾಗಿದ್ದರೆ, ಇಂಗ್ಲೆಂಡಿನ ಕಾಡಿಗೆ ಹೋಗಿದ್ದೆ ಎಂದು ಇಲ್ಲಿನ ಡಾಕ್ಟರಿಗೆ ಮೊದಲೇ ಹೇಳಿ. ಇಲ್ಲದಿದ್ದರೆ ಅವರು ಹುಳಕಡ್ಡಿ ಮುಲಾಮು ಬರೆದುಕೊಟ್ಟಾರು.