ಕಡಕ್ ರೊಟ್ಟಿ ಬುಟ್ಟಿ ಕಟ್ಟೆ ಬಿಟ್ಟಿತು

ಧಾರವಾಡದ ನಮ್ಮ ಬಾಡಿಗೆ ಮನೆಯ ಅಡುಗೆಮನೆ 8 ಅಡಿಗೆ 6 ಅಡಿ. ಕಡಕ್ ರೊಟ್ಟಿ ಬುಟ್ಟಿ ಸದಾ ಕಟ್ಟೆ ಮೇಲೆ. ಬಿಸಿ ರೊಟ್ಟಿ ಬಡಿಯಲು ಜಾಗವೇ ಇಲ್ಲ. ಹೊಸ ರ‍್ಯಾಕ್ ತರೋಣ ಅಂದುಕೊಂಡಿದ್ದೆ. ಮೊದಲು ಸುಮ್ನೆ ಟೇಪ್ ಹಿಡಿದು ಅಳೆದೆ. ಹಲಗೆಗಳ ನಡುವೆ 16 ಇಂಚು, ಡಬ್ಬಿಗಳ ಎತ್ತರ ಬರೀ 7. ಮೇಲಿನ ಅರ್ಧ ಖಾಲಿ ಗಾಳಿ! ಬಡಿಗೇರರನ್ನು ಕರೆಸಿ ನಡುವೆ ಇನ್ನೊಂದು ಹಲಗೆ ಹಾಕಿಸಿದೆ. ಶೇಂಗಾ, ಗುರೆಳ್ಳು, ಅಗಸಿ ಚಟ್ನಿ ಡಬ್ಬಿಗಳೆಲ್ಲ ಅಲ್ಲಿ ಕೂತವು. ರೊಟ್ಟಿ ಬುಟ್ಟಿಯನ್ನು ನಡುಮನೆಯ ಕೊಂಡಿಗೆ ತೂಗುಹಾಕಿದೆ. ಒಲೆ ಹತ್ತಿರ ಹಬೆಗೆ ರೊಟ್ಟಿ ಮೆತ್ತಗಾಗುತ್ತವೆ, ಅಲ್ವಾ?

ಒಂದು ಎಡವಟ್ಟೂ ಆಯಿತು. ಜಾಗ ಸಿಕ್ಕಿತೆಂದು ಜೋಳದ ಹಿಟ್ಟನ್ನು ಸಿಂಕ್ ಕೆಳಗೆ ಇಟ್ಟೆ. ಪೈಪ್ ಸೋರಿ 5 ಕಿಲೋ ಹಾಳಾಯಿತು. ಈಗ ಅಲ್ಲಿ ಬಕೆಟ್, ಸೋಪು ಮಾತ್ರ.