ಮನೆ ಕಾಗದಪತ್ರಗಳಿಗೆ ಮೈಂಡ್ ಮ್ಯಾಪ್: ಬೇಕೆಂದಾಗ ಸಿಗುವಂತೆ ಮಾಡಿ

ನಡುವೆ ಒಂದು ವಿಷಯ ಬರೆದು, ಅದರಿಂದ ಕೊಂಬೆಗಳ ಹಾಗೆ ಉಳಿದದ್ದನ್ನು ಹರಡುವ ನಕ್ಷೆಯೇ ಮೈಂಡ್ ಮ್ಯಾಪ್. ಇದರ ತಂತ್ರಾಂಶ ಹಾಕಿಕೊಂಡವರು ಮೊದಲ ದಿನವೆಲ್ಲ ಬಣ್ಣ ಬಳಿಯುತ್ತಾರೆ. ಐಕಾನ್ ಅಂಟಿಸುತ್ತಾರೆ. ಆಮೇಲೆ ಅದನ್ನು ತೆರೆಯುವುದೇ ಇಲ್ಲ. ಬೇಕಾದದ್ದು ಅದರಲ್ಲಿ ಸಿಕ್ಕರೆ ತಾನೆ! ವಿಮೆ, ಖಾತಾ, ಗ್ಯಾಸ್, ಫ್ರಿಜ್ಜಿನ ವಾರಂಟಿ ಇವನ್ನೆಲ್ಲ ಜೋಡಿಸುವ ಕ್ರಮ ಇಲ್ಲಿದೆ.

1. ಫ್ರೀಪ್ಲೇನ್ ಎಂಬ ಮೈಂಡ್ ಮ್ಯಾಪ್ ತಂತ್ರಾಂಶವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಇದು ಪುಕ್ಕಟೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ನೋಡಲು ಹಳೇ ಕಾಲದ್ದು ಅನ್ನಿಸುತ್ತದೆ, ಅನ್ನಿಸಲಿ ಬಿಡಿ. ಫೋನಿನ ಚೆಂದದ ಆಪ್‌ಗಳಲ್ಲಿ ಎಷ್ಟೋ ನಾಲ್ಕು ನಕ್ಷೆ ಆಗುವಷ್ಟರಲ್ಲಿ ದುಡ್ಡು ಕೇಳುತ್ತವೆ. ಮಾಡಿದ ನಕ್ಷೆಯನ್ನು ಹೊರಗೆ ತೆಗೆಯಲು ಬಿಡದ ಆಪ್‌ನ ಸಹವಾಸವೇ ಬೇಡ.

2. ನಡುವೆ 'ನಮ್ಮ ಮನೆ' ಎಂದು ಬರೆಯಿರಿ. ಟ್ಯಾಬ್ ಒತ್ತಿದರೆ ಒಳಗೊಂದು ಕೊಂಬೆ, ಎಂಟರ್ ಒತ್ತಿದರೆ ಪಕ್ಕದಲ್ಲೊಂದು, ಸ್ಪೇಸ್ ಒತ್ತಿದರೆ ಮಡಚಿಕೊಳ್ಳುತ್ತದೆ. ಇಷ್ಟು ಗೊತ್ತಿದ್ದರೆ ಸಾಕು.

3. ಈಗ ಮೊದಲ ಸುತ್ತಿನ ಕೊಂಬೆಗಳು. ಜನ ಎಡವುವುದು ಇಲ್ಲೇ. 'ಬಿಲ್ಲುಗಳು', 'ರಸೀದಿಗಳು', 'ಸರ್ಟಿಫಿಕೇಟುಗಳು', ಕೊನೆಗೆ 'ಇತರೆ' ಅಂತ ಮಾಡುತ್ತಾರೆ. ಸ್ವಲ್ಪ ದಿನದಲ್ಲೇ ಅರ್ಧ ಮನೆ 'ಇತರೆ'ಯೊಳಗೆ ಇರುತ್ತದೆ. ಕಾಗದದ ಜಾತಿ ನೋಡಿ ವಿಂಗಡಿಸಬೇಡಿ, ಅದನ್ನು ಯಾವಾಗ ಹುಡುಕುತ್ತೀರಿ ಅಂತ ಯೋಚಿಸಿ. ರಾತ್ರಿ ಕರೆಂಟು ಹೋಗಿದೆ, ದೂರು ಕೊಡಲು ಫೋನ್ ಮಾಡಿದರೆ ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್, ಅಂದರೆ ನಿಮ್ಮ ಕರೆಂಟು ಸಂಪರ್ಕದ ಸಂಖ್ಯೆ, ಕೇಳುತ್ತಾರೆ. ಆಗ ನಿಮ್ಮ ತಲೆಗೆ ಬರುವುದು ಕರೆಂಟು, ಬಿಲ್ಲಲ್ಲ. ಹಾಗಾಗಿ ಮನೆ, ಗಾಡಿ, ಬ್ಯಾಂಕು, ಅಪ್ಪ, ಅಮ್ಮ, ಮಕ್ಕಳು ಎಂದು ಕೊಂಬೆ ಮಾಡಿ. 'ಮನೆ'ಯೊಳಗೆ ಕರೆಂಟು, ನೀರು, ಗ್ಯಾಸ್, ತೆರಿಗೆ. ಆರ್‌ಆರ್ ನಂಬರನ್ನು ಅಲ್ಲೇ ಬರೆಯಿರಿ. 'ಬಿಲ್ ನೋಡಿ' ಅಂತ ಬರೆದರೆ ಏನು ಬಂತು?

'ಇತರೆ' ಇಡಲೇಬೇಡಿ. ಯಾವ ಕೊಂಬೆಗೂ ಸೇರದ ಕಾಗದ ಬಹುಪಾಲು ಎಸೆಯುವಂಥದ್ದೇ.

4. ಇನ್ನೊಂದು ತೊಡಕಿದೆ. ಬೈಕಿನ ವಿಮೆ 'ಗಾಡಿ'ಯೊಳಗೆ ಇರಬೇಕೋ, ಕಂತು ಹೋಗುವ 'ಬ್ಯಾಂಕಿ'ನಲ್ಲೋ, ನಾಮಿನಿ ಅಮ್ಮನ ಕೊಂಬೆಯಲ್ಲೋ? ಸಾಮಾನ್ಯವಾಗಿ ಮೂರೂ ಕಡೆ ಕಾಪಿ ಮಾಡುತ್ತಾರೆ. ಮುಂದಿನ ವರ್ಷ ಒಂದು ಕಡೆ ಮಾತ್ರ ತಿದ್ದುತ್ತಾರೆ, ಯಾವುದು ಸರಿ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಒಂದೇ ಕಡೆ ಬರೆಯಿರಿ, ಉಳಿದೆಡೆಗೆ ಗೆರೆ ಎಳೆಯಿರಿ. ವಿಮೆಯನ್ನು ಆರಿಸಿ, ಕಂಟ್ರೋಲ್ ಒತ್ತಿ ಹಿಡಿದು ಬ್ಯಾಂಕನ್ನೂ ಆರಿಸಿ, ಕಂಟ್ರೋಲ್ ಎಲ್ ಒತ್ತಿ. ಬಾಣದ ಗೆರೆ ಬರುತ್ತದೆ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ 'ಕಂತು ಇಲ್ಲಿಂದ' ಎಂದು ಬರೆಯಿರಿ. ಅಮ್ಮನ ಕಡೆಯ ಗೆರೆಗೆ 'ನಾಮಿನಿ'. ಮಾತಿಲ್ಲದ ಗೆರೆ ಯಾಕೆ ಎಳೆದದ್ದು ಅಂತ ನಿಮಗೇ ಮರೆತುಹೋಗುತ್ತದೆ. 1970ರ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ನೋವಾಕ್ ತಂಡ ರೂಪಿಸಿದ, ವಿಷಯಗಳ ನಡುವಿನ ಸಂಬಂಧ ತೋರಿಸುವ ಕಾನ್ಸೆಪ್ಟ್ ಮ್ಯಾಪ್ ಎಂಬ ನಕ್ಷೆಯಲ್ಲಂತೂ ಗೆರೆಯ ಮೇಲಿನ ಮಾತು ಇರಲೇಬೇಕು. ಹಾಗಂತ ಎಲ್ಲದಕ್ಕೂ ಗೆರೆ ಎಳೆದರೆ ಜೇಡರ ಬಲೆ ಆಗುತ್ತದೆ. ದುಡ್ಡು ಅಥವಾ ಹೆಸರು ದಾಟುವ ಕಡೆ ಮಾತ್ರ ಸಾಕು.

5. ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳನ್ನು ನಕ್ಷೆ ಇರುವ ಫೋಲ್ಡರಿನಲ್ಲೇ ಇಟ್ಟು, ಕಂಟ್ರೋಲ್ ಶಿಫ್ಟ್ ಕೆ ಒತ್ತಿ ಕೊಂಡಿ ಹಾಕಿ. ಜಾಗ ಬದಲಿಸುವುದಿದ್ದರೆ ಇಡೀ ಫೋಲ್ಡರನ್ನೇ ಸಾಗಿಸಿ.

ಕನ್ನಡದಲ್ಲಿ ಬರೆಯುವವರು ಯೂನಿಕೋಡ್‌ನಲ್ಲೇ, ಅಂದರೆ ಫೋನು, ಜಾಲತಾಣಗಳಲ್ಲಿ ಬಳಸುವ ಅಕ್ಷರ ಪದ್ಧತಿಯಲ್ಲೇ, ಬರೆಯಿರಿ. 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಆಸ್ಕಿ ಫಾಂಟಿನಲ್ಲಿ ಬರೆದು, ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಹುಡುಕಿದರೆ ಏನೂ ಸಿಗುವುದಿಲ್ಲ. ಪಾಸ್‌ವರ್ಡ್, ಎಟಿಎಂ ಪಿನ್ ಮಾತ್ರ ಇದರಲ್ಲಿ ಬೇಡವೇ ಬೇಡ. ಈ ಕಡತವನ್ನು ಯಾರಾದರೂ ನೋಟ್‌ಪ್ಯಾಡಿನಲ್ಲಿ ತೆರೆದರೆ ಅಂಕಿಗಳೆಲ್ಲ ಹಾಗೇ ಕಾಣುತ್ತವೆ.

6. ಕಂಪ್ಯೂಟರ್ ಮುಟ್ಟದವರು ಮನೆಯಲ್ಲಿ ಇರುತ್ತಾರಲ್ವಾ? ನಕ್ಷೆಯನ್ನು ಪಿಡಿಎಫ್ ಮಾಡಿ ಮುದ್ರಿಸಿ, ಮೂಲೆಯಲ್ಲಿ ತಾರೀಕು ಬರೆದು ಬೀರುವಿನಲ್ಲಿಡಿ. ಹೊಸದನ್ನು ಇಡುವಾಗ ಹಳೆಯದನ್ನು ಹರಿದುಹಾಕಿ.